ಮಗುವಿನ ತೋಳಿಗೆ ಮಿದುಳು ಹಾಕುವ ದಾರಿ

(ಈಸಾ ಟೌನಿನಲ್ಲಿ ನಡೆದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಕಾರ್ಯದರ್ಶಿಗಳು ಹೇಳಿದಾಗ, ನಾನು ಮಧುಮೇಹವನ್ನೋ ರಕ್ತದೊತ್ತಡವನ್ನೋ ಹೃದ್ರೋಗವನ್ನೋ ಕುರಿತು ಮಾತನಾಡಬಹುದೆಂದು ಅವರು ಎಣಿಸಿದ್ದರೋ ಏನೋ. ಕೊಲ್ಲಿ ನಾಡಿನಲ್ಲಿ ದುಡಿಯುವ ನಮ್ಮವರಿಗೆ ಆ ಮೂರೂ ಬೇಕಾದ ವಿಷಯಗಳೇ. ಆದರೆ ಈಸಾ ಟೌನ್ ಎಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಶಾಲೆಯ ಮಕ್ಕಳು. 1950ರಲ್ಲಿ ಆರಂಭಗೊಂಡ ಇಂಡಿಯನ್ ಸ್ಕೂಲಿನ ಆವರಣ ಇದೇ ಊರಿನಲ್ಲಿದೆ. ಬೆಳಿಗ್ಗೆ ಬಸ್ಸಿನಿಂದಿಳಿದು ಸಾಲುಗಟ್ಟಿ ನಡೆಯುವ ಮಕ್ಕಳಲ್ಲಿ ಒಬ್ಬನು ಬುತ್ತಿಯ ಚೀಲವನ್ನು ಬೀಸುತ್ತಿರುತ್ತಾನೆ, ಒಬ್ಬಳು ಜಡೆಯ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುತ್ತಾಳೆ. ಆ ಬೆರಳುಗಳಿಗೆ ಅಷ್ಟು ಚಾತುರ್ಯ ಬಂದದ್ದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಮಕ್ಕಳ ಕೈಯನ್ನು ಕುರಿತು ತಂದೆತಾಯಿಯರು ವೈದ್ಯರಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ನಾಲ್ಕು ವರ್ಷದವನ ಅಕ್ಷರ ಇನ್ನೂ ಗೆರೆಯ ಮೇಲೆ ನಿಲ್ಲುತ್ತಿಲ್ಲವಲ್ಲ ಎಂಬುದು ಒಂದು. ಎಡಗೈಯಲ್ಲಿ ಬರೆಯುವವಳನ್ನು ತಿದ್ದಬೇಕೇ ಎಂಬುದು ಇನ್ನೊಂದು. ಮೂರನೆಯದನ್ನು ಯಾರೂ ಪ್ರಶ್ನೆಯಾಗಿ ಕೇಳುವುದಿಲ್ಲ. ಲಸಿಕೆ ಹಾಕಿಸಲು ಏಳೆಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡವರು ನಗುತ್ತಲೇ ಹೇಳುತ್ತಾರೆ: “ಡಾಕ್ಟರೇ, ಇವನು ಎಡಚ. ಏನು ಕೊಟ್ಟರೂ ಎಡಗೈಯಲ್ಲೇ ಹಿಡಿಯುತ್ತಾನೆ.” ಮೊದಲ ಎರಡು ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಹೇಳಬಹುದು. ಈ ಮೂರನೆಯ ಮಾತು ಕಿವಿಗೆ ಬಿದ್ದಾಗ ಮಾತ್ರ ವೈದ್ಯನಾದವನು ಲೇಖನಿಯನ್ನು ಕೆಳಗಿಟ್ಟು ಮಗುವಿನ ಬಲಗೈಯನ್ನು ನೋಡಬೇಕಾಗುತ್ತದೆ. ಏಕೆಂಬುದನ್ನು ಅರಿಯಲು ಮಿದುಳಿನಿಂದ ತೋಳಿಗೆ ಇಳಿಯುವ ದಾರಿಯನ್ನು ಸ್ವಲ್ಪ ನೋಡೋಣ.

ಮಿದುಳಿನ ಹೊರಪದರದಲ್ಲಿ, ನೆತ್ತಿಯಿಂದ ಕಿವಿಯ ಕಡೆಗೆ ಇಳಿದಂತೆ, ಸ್ನಾಯುಗಳ ಚಲನೆಯನ್ನು ಆಳುವ ಒಂದು ಪಟ್ಟಿಯಿದೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಶಸ್ತ್ರಕ್ರಿಯೆಯ ವೇಳೆ ಎಚ್ಚರವಾಗಿದ್ದ ರೋಗಿಗಳ ಮಿದುಳನ್ನು ಸೌಮ್ಯವಾದ ವಿದ್ಯುತ್ತಿನಿಂದ ಮುಟ್ಟಿ ನೋಡಿ, ಯಾವ ಜಾಗ ಯಾವ ಅಂಗವನ್ನು ಅಲುಗಿಸುತ್ತದೆಂಬ ನಕ್ಷೆಯನ್ನು 1937ರಲ್ಲಿ ಪ್ರಕಟಿಸಿದ. ಅದರಲ್ಲಿ ಇಡೀ ಮುಂಡಕ್ಕೆ ದೊರೆತ ಜಾಗಕ್ಕಿಂತ ಕೈಬೆರಳುಗಳಿಗೆ ದೊರೆತ ಜಾಗವೇ ಹೆಚ್ಚು. ಈ ಭಾಗದಿಂದ ಹೊರಟ ನರತಂತುಗಳು ಮಿದುಳಿನ ಆಳದಲ್ಲಿ ಒಂದು ಕಂತೆಯಾಗಿ ಕೂಡಿ ಕೆಳಗಿಳಿಯುತ್ತವೆ. ಪ್ರತಿ ಬದಿಯಲ್ಲಿಯೂ ಸುಮಾರು ಹತ್ತು ಲಕ್ಷ ತಂತುಗಳು. ಕುತ್ತಿಗೆ ಆರಂಭವಾಗುವ ಕಡೆ ಅವುಗಳಲ್ಲಿ ಬಹುಪಾಲು ಎದುರು ಬದಿಗೆ ದಾಟುತ್ತವೆ. ಬಲಗೈಯನ್ನು ಎಡಮಿದುಳು ಆಳುತ್ತದೆನ್ನುವುದು ಇದರಿಂದಲೇ. ಅನಂತರ ಬೆನ್ನುಹುರಿಯೊಳಗೆ ಇಳಿದು, ಕುತ್ತಿಗೆಯ ಮಟ್ಟದಲ್ಲಿರುವ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಆ ಕೋಶಗಳ ತಂತುಗಳು ಹೊರಬಂದು, ಭುಜದ ಕೆಳಗೆ ಹೆಣೆದುಕೊಂಡು, ತೋಳಿನ ಸ್ನಾಯುಗಳನ್ನು ತಲುಪುತ್ತವೆ. ಮಿದುಳಿನಿಂದ ಸ್ನಾಯುವಿನವರೆಗೆ ಇಷ್ಟು ದೂರದ ದಾರಿಗೆ ಎರಡೇ ಕೊಂಡಿಗಳು ಸಾಕಾಗಬಹುದು. ಬೆರಳುಗಳನ್ನು ಒಂದೊಂದಾಗಿ ಆಡಿಸುವ ಶಕ್ತಿ ಬಂದದ್ದು ಈ ನೇರ ಸಂಪರ್ಕದಿಂದ.

ಆದರೆ ತೋಳಿಗೆ ಇದೊಂದೇ ದಾರಿಯಲ್ಲ. ಮಿದುಳಿನ ಬುಡದಿಂದ ಹೊರಡುವ ಇನ್ನೂ ಹಳೆಯ ದಾರಿಗಳಿವೆ. 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ವಿಜ್ಞಾನಿಗಳು ಕೋತಿಗಳಲ್ಲಿ ಮೇಲೆ ಹೇಳಿದ ತಂತುಗಳ ಕಂತೆಯನ್ನು ಎರಡೂ ಬದಿಯಲ್ಲಿ ಕತ್ತರಿಸಿ ನೋಡಿದರು. ಕೆಲವು ವಾರಗಳಲ್ಲಿ ಆ ಕೋತಿಗಳು ಓಡಿದವು, ಹತ್ತಿದವು, ಆಹಾರಕ್ಕಾಗಿ ಕೈ ಚಾಚಿದವು. ಸಣ್ಣ ಗುಳಿಯೊಳಗಿನ ತುಣುಕನ್ನು ಎರಡು ಬೆರಳುಗಳಿಂದ ಹೆಕ್ಕಲು ಮಾತ್ರ ಅವುಗಳಿಗೆ ಮತ್ತೆಂದೂ ಸಾಧ್ಯವಾಗಲಿಲ್ಲ. ಮಗುವಿನ ಬೆಳವಣಿಗೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ. ಭುಜ ಮೊದಲು, ಬೆರಳು ಕೊನೆಗೆ. ನಾಲ್ಕೈದು ತಿಂಗಳಿಗೆ ಗಿಲಕಿಯತ್ತ ಕೈ ಚಾಚುತ್ತದೆ. ಆರು ತಿಂಗಳ ಹೊತ್ತಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ವಸ್ತುವನ್ನು ಬದಲಾಯಿಸುತ್ತದೆ. ಒಂಬತ್ತು ಹತ್ತು ತಿಂಗಳಿಗೆ ನೆಲದ ಮೇಲೆ ಬಿದ್ದ ಒಂದೇ ಒಂದು ಮಂಡಕ್ಕಿಯನ್ನು ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಹೆಕ್ಕುತ್ತದೆ. ನಮ್ಮ ಅಜ್ಜಿಯಂದಿರು ಅದನ್ನು ಕಂಡು ದೃಷ್ಟಿ ತೆಗೆಯುತ್ತಿದ್ದರು. ತೆಗೆಯತಕ್ಕ ಸಾಧನೆಯೇ ಅದು.

ಈ ದಾರಿ ಎಂದು ಹಾಕಲ್ಪಡುತ್ತದೆ? ಬಹುಕಾಲ ವೈದ್ಯರು ಇದಕ್ಕೆ ನರತಂತುಗಳ ಮೇಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ನೋಡಿ ಉತ್ತರ ಹೇಳುತ್ತಿದ್ದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪೌಲ್ ಫ್ಲೆಕ್ಸಿಗ್ ಹತ್ತೊಂಬತ್ತನೆಯ ಶತಮಾನದಲ್ಲೇ ಆ ಹೊದಿಕೆ ಯಾವ ಭಾಗಕ್ಕೆ ಯಾವಾಗ ಬರುತ್ತದೆಂದು ಗುರುತಿಸಿದ್ದ. ತೋಳಿನ ದಾರಿಗೆ ಅದು ಹುಟ್ಟುವ ಮುನ್ನವೇ ಆರಂಭವಾಗಿ, ಹುಟ್ಟಿದ ಮೇಲೆಯೂ ಎರಡು ಮೂರು ವರ್ಷ ಮುಂದುವರಿಯುತ್ತದೆ. ಆದ್ದರಿಂದ ನವಜಾತ ಶಿಶುವಿನಲ್ಲಿ ಮಿದುಳಿನ ಹೊರಪದರಕ್ಕೆ ಕೈಯ ಮೇಲೆ ಅಧಿಕಾರವೇ ಇಲ್ಲವೆಂದು ನಂಬಲಾಗಿತ್ತು. ಈ ನಂಬಿಕೆಯನ್ನು ಅಲುಗಿಸಿದ್ದು ಒಂದು ಉಪಕರಣ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತಲೆಯ ಮೇಲೆ ಸುರುಳಿಯೊಂದನ್ನು ಹಿಡಿದು, ಕ್ಷಣಮಾತ್ರದ ಕಾಂತೀಯ ಸ್ಪಂದನದಿಂದ, ನೋವಿಲ್ಲದೆ ಮಿದುಳನ್ನು ಪ್ರಚೋದಿಸಿ ಕೈಬೆರಳು ಅಲುಗುವಂತೆ ಮಾಡಿದರು. ಸ್ನಾಯುವಿನ ಮೇಲೆ ವಿದ್ಯುದಗ್ರವನ್ನಿಟ್ಟರೆ ಸುದ್ದಿ ಎಷ್ಟು ಹೊತ್ತಿಗೆ ತಲುಪಿತೆಂಬುದನ್ನು ಅಳೆಯಬಹುದು. ನ್ಯೂಕಾಸಲ್‌ನ ಜ್ಯಾನೆಟ್ ಐರ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಆರೋಗ್ಯವಂತ ಶಿಶುಗಳಲ್ಲಿಯೂ ಮಕ್ಕಳಲ್ಲಿಯೂ ಬಳಸಿದರು. ಅವರಿಗೆ ಕಂಡ ಸಂಗತಿಗಳು ಮೂರ್ನಾಲ್ಕು ಇವೆ. ನನಗೆ ಅತ್ಯಂತ ಸೊಗಸಾಗಿ ತೋರುವವುಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ತಂತುಗಳು ಗರ್ಭದಲ್ಲಿಯೇ, ಸುಮಾರು 24ನೆಯ ವಾರದ ಹೊತ್ತಿಗೆ, ಕುತ್ತಿಗೆಯ ಕೆಳಭಾಗದ ಬೆನ್ನುಹುರಿಯನ್ನು ಮುಟ್ಟಿರುತ್ತವೆ. ಹೊದಿಕೆ ಇಲ್ಲದಿದ್ದರೂ ತಂತಿ ಎಳೆದಾಗಿದೆ ಎಂದರ್ಥ. ಎರಡನೆಯದು, ಹುಟ್ಟಿದ ಕೂಸಿನಲ್ಲಿ ಮಿದುಳಿನ ಒಂದು ಬದಿಯನ್ನು ಪ್ರಚೋದಿಸಿದರೆ ಎದುರು ಬದಿಯ ತೋಳು ಮಾತ್ರವಲ್ಲ, ಅದೇ ಬದಿಯ ತೋಳೂ ಪ್ರತಿಕ್ರಿಯೆ ತೋರುತ್ತದೆ. ಅಂದರೆ ಪ್ರತಿಯೊಂದು ತೋಳಿಗೂ ಆರಂಭದಲ್ಲಿ ಇಬ್ಬರು ಯಜಮಾನರು. ಎರಡು ವರ್ಷ ತುಂಬುವಷ್ಟರಲ್ಲಿ ಎದುರು ಬದಿಯ ದಾರಿ ಬಲಗೊಳ್ಳುತ್ತದೆ, ಅದೇ ಬದಿಯ ದಾರಿ ಹಿಂದೆ ಸರಿಯುತ್ತದೆ. ಪ್ರತಿವರ್ತನೆಗಳಲ್ಲಿಯೂ ಇದೇ ಕಥೆ. ದೊಡ್ಡವರ ಮೊಣಕೈಯ ಮಡಿಕೆಯಲ್ಲಿ ಸ್ನಾಯುರಜ್ಜುವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ತೋಳಿನ ಮುಂಭಾಗದ ಸ್ನಾಯು ಮಾತ್ರ ಸಂಕೋಚಿಸುತ್ತದೆ. ಎಳೆಯ ಮಗುವಿನಲ್ಲಿ ಹಾಗೆಯೇ ತಟ್ಟಿದರೆ ಹಿಂಭಾಗದ ವಿರೋಧಿ ಸ್ನಾಯುವೂ ಸೇರಿ ತೋಳಿನ ಹಲವು ಸ್ನಾಯುಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಇದು ಬಾಲ್ಯದ ಮೊದಲ ವರ್ಷಗಳಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಪ್ರಕೃತಿ ಮೊದಲು ಧಾರಾಳವಾಗಿ ಬಿತ್ತಿ, ಅನಂತರ ಕಳೆ ಕೀಳುತ್ತದೆ.

ಯಾವುದು ಪೈರು, ಯಾವುದು ಕಳೆ ಎಂದು ನಿರ್ಧರಿಸುವವರು ಯಾರು? ಇಲ್ಲಿಯೇ ಇರುವುದು ಇಂದಿನ ಮಾತಿನ ತಿರುಳು. ನ್ಯೂಯಾರ್ಕಿನ ಜಾನ್ ಮಾರ್ಟಿನ್ ಎಂಬವರು ಬೆಕ್ಕಿನ ಮರಿಗಳಲ್ಲಿ, ಮೂರರಿಂದ ಏಳನೆಯ ವಾರದವರೆಗೆ, ಮಿದುಳಿನ ಒಂದು ಬದಿಯ ಚಲನಾಭಾಗವನ್ನು ಔಷಧದಿಂದ ಸುಮ್ಮನಾಗಿಸಿದರು. ಅದಕ್ಕೆ ಗಾಯ ಮಾಡಲಿಲ್ಲ, ಸುಮ್ಮನಾಗಿಸಿದರು ಅಷ್ಟೆ. ಔಷಧದ ಪ್ರಭಾವ ಮುಗಿದ ಮೇಲೂ ಆ ಬದಿ ಆಳಬೇಕಾದ ಮುಂಗಾಲು ಚೊಕ್ಕವಾಗಿ ಕೆಲಸ ಮಾಡಲಿಲ್ಲ. ಬೆನ್ನುಹುರಿಯನ್ನು ಪರೀಕ್ಷಿಸಿದಾಗ, ಸುಮ್ಮನಿದ್ದ ಬದಿಯ ತಂತುಗಳು ಜಾಗ ಕಳೆದುಕೊಂಡಿದ್ದವು. ಚುರುಕಾಗಿದ್ದ ಬದಿಯ ತಂತುಗಳು ತಾವು ಬಿಟ್ಟುಹೋಗಬೇಕಾಗಿದ್ದ ಜಾಗದಲ್ಲಿಯೂ ಉಳಿದುಕೊಂಡಿದ್ದವು. ಮಲೆನಾಡಿನ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಕಾಲುವೆಯಿಂದ ಎರಡು ತೋಟಗಳಿಗೆ ನೀರು ಹಾಯುವಾಗ, ಒಬ್ಬನು ಕೆಲವು ದಿನ ತನ್ನ ಮಡೆ ತೆರೆಯದಿದ್ದರೆ ನೀರೆಲ್ಲ ಇನ್ನೊಬ್ಬನ ಕಡೆಗೆ ಹೊಸ ಜಾಡು ಕೊರೆಯುತ್ತದೆ. ಕಣ್ಣಿನ ವಿಷಯದಲ್ಲಿ ಇದು ಇನ್ನೂ ಹಿಂದೆಯೇ ತಿಳಿದಿತ್ತು. ಎಳವೆಯಲ್ಲಿ ಒಂದು ಕಣ್ಣಿಗೆ ನೋಟವಿಲ್ಲದೆ ಹೋದರೆ ಮಿದುಳಿನಲ್ಲಿ ಅದರ ಪಾಲು ಕುಗ್ಗುತ್ತದೆಂದು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್‌ರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮಕ್ಕಳಲ್ಲಿ ಒಂದು ಬದಿಯ ಕೈ ಕುಂದುವುದನ್ನು ‘ಸೋಮಾರಿ ಕಣ್ಣಿ’ಗೆ ಹೋಲಿಸಬಹುದೇ ಎಂಬ ಪ್ರಶ್ನೆಯನ್ನು ಐರ್ ಅವರು 2007ರಲ್ಲಿ ಎತ್ತಿದರು. ಅದು ಒಳ್ಳೆಯ ಪ್ರಶ್ನೆಯೆಂಬುದು ನನ್ನ ಅಭಿಪ್ರಾಯ.

ಈಗ ಆ ಎಂಟು ತಿಂಗಳ ‘ಎಡಚ’ನ ಬಳಿಗೆ ಹಿಂದಿರುಗೋಣ. ಮೊದಲ ವರ್ಷದಲ್ಲಿ ಆರೋಗ್ಯವಂತ ಮಗು ಎರಡೂ ಕೈಗಳನ್ನು ಹೆಚ್ಚು ಕಡಿಮೆ ಸಮನಾಗಿ ಬಳಸುತ್ತದೆ. ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ ವಾಲಬಹುದು. ಸ್ಥಿರವಾದ ಒಲವು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸ್ಪಷ್ಟವಾಗುತ್ತದೆ. ಒಲವಿನ ಬೀಜ ಮೊದಲೇ ಇರುತ್ತದೆಂಬುದೇನೋ ನಿಜ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಗರ್ಭದಲ್ಲಿ ಹೆಬ್ಬೆರಳು ಚೀಪುತ್ತಿದ್ದ 75 ಮಕ್ಕಳನ್ನು ಹತ್ತು ಹನ್ನೆರಡು ವರ್ಷಗಳ ಬಳಿಕ ಮತ್ತೆ ನೋಡಿ 2005ರಲ್ಲಿ ಬರೆದರು. ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಂದಿಯೂ ಬಲಗೈಯವರಾಗಿದ್ದರು; ಎಡ ಹೆಬ್ಬೆರಳು ಚೀಪುತ್ತಿದ್ದ 15 ಮಂದಿಯಲ್ಲಿ 10 ಮಂದಿ ಎಡಗೈಯವರಾಗಿದ್ದರು. ಆದರೆ ಬೀಜವಿರುವುದು ಬೇರೆ, ಎಂಟು ತಿಂಗಳ ಮಗು ಒಂದು ಕೈಯನ್ನು ಮರೆತೇಬಿಡುವುದು ಬೇರೆ. ಅಂಥ ಮಗುವಿಗೆ ಎಡಗೈ ಪ್ರಿಯವಾಗಿದೆ ಎಂದುಕೊಳ್ಳುವ ಮೊದಲು, ಬಲಗೈಗೆ ಏನಾಗಿದೆ ಎಂದು ಕೇಳಬೇಕು.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ಮಗು ನನ್ನ ಬಳಿಗೆ ಬಂದಿತು. ಊರು, ಹೆಸರು ಹೇಳುವುದಿಲ್ಲ. ಹೆರಿಗೆ ಊರಿನಲ್ಲಿ ಆಗಿತ್ತು, ಸುಸೂತ್ರವಾಗಿತ್ತು. ಐದನೆಯ ತಿಂಗಳಿನಲ್ಲಿ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಅಜ್ಜಿ, “ಇದರ ಬಲಗೈಯ ಮುಷ್ಟಿ ಬಿಡಿಸಿ ತೊಳೆಯುವುದೇ ಕಷ್ಟ, ಹೆಬ್ಬೆರಳು ಒಳಗೇ ಇರುತ್ತದೆ” ಎಂದರಂತೆ. ಮನೆಯವರು, ಮುತ್ತಜ್ಜನೂ ಎಡಚನಾಗಿದ್ದನೆಂದು ಸಮಾಧಾನ ಹೇಳಿದರು. ಮಗು ಇಲ್ಲಿಗೆ ಬಂದಿತು. ಎಡಗೈಯಲ್ಲಿ ಅನ್ನ ಹೆಕ್ಕಿತು. ನಡೆಯಲು ಕಲಿಯುವಾಗ ಬಲ ಮೊಣಕೈ ಮಡಚಿಯೇ ಇತ್ತು. ವಾರ್ಷಿಕ ರಜೆಗೆ ಹೋದಾಗ ಊರಿನಲ್ಲಿ ತೋರಿಸೋಣವೆಂದು ಕಾದರು. ಆ ವರ್ಷ ರಜೆ ಸಿಗಲಿಲ್ಲ. ನನ್ನ ಬಳಿಗೆ ಬಂದಾಗ ಮಗುವಿಗೆ ಇಪ್ಪತ್ತು ತಿಂಗಳು. ಮಿದುಳಿನ ಎಂ.ಆರ್.ಐ. ಚಿತ್ರದಲ್ಲಿ ಎಡಬದಿಯ ರಕ್ತನಾಳವೊಂದು ಹುಟ್ಟುವ ಆಸುಪಾಸಿನಲ್ಲಿಯೇ ಕಟ್ಟಿಹೋಗಿದ್ದ ಗುರುತಿತ್ತು. ಹೌದು, ಪಾರ್ಶ್ವವಾಯು ಕೂಸುಗಳಿಗೂ ಬರುತ್ತದೆ. ಕೆಲವು ಸಾವಿರ ಹೆರಿಗೆಗಳಿಗೆ ಒಂದರಂತೆ ಬರುತ್ತದೆ. ಅನೇಕ ಸಲ ಹುಟ್ಟಿದಾಗ ಯಾವ ಸುಳಿವನ್ನೂ ಕೊಡುವುದಿಲ್ಲ. ನಾಲ್ಕಾರು ತಿಂಗಳಾಗಿ ಕೈಚಾಚುವ ಕಾಲ ಬಂದಾಗಲೇ, ಚಾಚದ ಕೈ ಕಣ್ಣಿಗೆ ಬೀಳುವುದು.

ಐದನೆಯ ತಿಂಗಳಿಗೇ ಬಂದಿದ್ದರೆ ಆ ಕೈ ಪೂರ್ತಿ ಸರಿಹೋಗುತ್ತಿತ್ತೆಂದು ನಾನು ಹೇಳಲಾರೆ. ಸತ್ತ ಕೋಶಗಳನ್ನು ಯಾರೂ ಬದುಕಿಸಲಾರರು. ಆದರೆ ಉಳಿದ ತಂತುಗಳು ಬೆನ್ನುಹುರಿಯಲ್ಲಿ ಜಾಗಕ್ಕಾಗಿ ಸ್ಪರ್ಧಿಸುವ ಆ ಎರಡು ವರ್ಷಗಳಲ್ಲಿ ಕುಂದಿದ ಕೈಗೆ ಕೆಲಸ ಕೊಡುವುದರಲ್ಲಿ ಅರ್ಥವಿದೆ. ಒಳ್ಳೆಯ ಕೈಗೆ ದಿನದಲ್ಲಿ ಸ್ವಲ್ಪ ಹೊತ್ತು ಮೆತ್ತನೆಯ ಗವಸು ತೊಡಿಸಿ, ಆಟದ ಮೂಲಕ ಇನ್ನೊಂದು ಕೈಯನ್ನು ದುಡಿಸುವ ಚಿಕಿತ್ಸೆ ಈಗ ಶಿಶುಗಳಿಗೂ ಇದೆ. ಎರಡೂ ಕೈ ಬೇಕಾಗುವ ಆಟಗಳ ಅಭ್ಯಾಸವೂ ಇದೆ. ಇದನ್ನು ಕೇಳಿ ಯಾರೂ ಮನೆಯಲ್ಲಿ ತಾವೇ ಮಗುವಿನ ಕೈ ಕಟ್ಟಬಾರದು. ಒಳ್ಳೆಯ ಕೈಯ ದಾರಿಯೂ ಅದೇ ವಯಸ್ಸಿನಲ್ಲಿ ರೂಪುಗೊಳ್ಳುತ್ತಿರುತ್ತದೆ. ಎಷ್ಟು ಹೊತ್ತು, ಹೇಗೆ ಎಂಬುದನ್ನು ತಜ್ಞರೇ ಹೇಳಬೇಕು. ನಾನು ಹೇಳಿದ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಬರೆಯುವಾಗ ಹಾಳೆ ಜಾರದಂತೆ ಬಲಗೈ ಒತ್ತಿ ಹಿಡಿಯುತ್ತದೆ. ಅಂಗಿಯ ಗುಂಡಿ ಹಾಕಲು ಇಂದಿಗೂ ತಾಯಿ ಬೇಕು.

ಕೈ ಅಲುಗದಿರಲು ಇನ್ನೊಂದು ಕಾರಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಷ್ಟದ ಹೆರಿಗೆಯಲ್ಲಿ ಭುಜದ ಬಳಿಯ ನರಗಳು ಎಳೆದುಹೋದರೆ ತೋಳು ಹುಟ್ಟಿದ ದಿನದಿಂದಲೇ ಜೋತು ಬೀಳುತ್ತದೆ. ಅಲ್ಲಿ ಮುಷ್ಟಿ ಬಿಗಿಯುವುದಿಲ್ಲ, ತೋಳು ಸಡಿಲವಾಗಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಸುಧಾರಿಸುತ್ತದೆ. ಮೂರು ತಿಂಗಳಾದರೂ ಮೊಣಕೈ ಮಡಚದಿದ್ದರೆ ತಜ್ಞರನ್ನು ಕಾಣಲೇಬೇಕು.

ಇನ್ನು ಬರವಣಿಗೆಯ ಮಾತು. ಎರಡು ವರ್ಷದ ಬಳಿಕ ಒಂದು ವಿಚಿತ್ರ ನಡೆಯುತ್ತದೆ. ನವಜಾತ ಶಿಶುವಿನ ತೋಳಿನ ನರಗಳಲ್ಲಿ ಸುದ್ದಿಯ ವೇಗ ದೊಡ್ಡವರದರ ಅರ್ಧದಷ್ಟಿದ್ದು, ಮೂರರಿಂದ ಐದು ವರ್ಷದೊಳಗೆ ಸರಿಸಮವಾಗುತ್ತದೆ. ಮಿದುಳಿನಿಂದ ಬೆನ್ನುಹುರಿಗೆ ಸುದ್ದಿ ಇಳಿಯುವ ಕಾಲವೂ ಮೊದಲ ಎರಡು ವರ್ಷಗಳಲ್ಲಿ ಇಳಿಯುತ್ತದೆ. ಅಲ್ಲಿಂದ ಮುಂದೆ, ಮಗು ಬೆಳೆದು ಹೆಚ್ಚು ಕಡಿಮೆ ಎರಡರಷ್ಟು ಎತ್ತರವಾಗುವವರೆಗೂ, ಆ ಕಾಲ ಬದಲಾಗುವುದೇ ಇಲ್ಲ. ದಾರಿ ಉದ್ದವಾದಂತೆ ತಂತುಗಳು ದಪ್ಪವಾಗಿ, ವೇಗ ಅದೇ ಪ್ರಮಾಣದಲ್ಲಿ ಏರುತ್ತದೆ. ಕಲಿತ ಚಲನೆಯ ತಾಳವನ್ನು ಮಗು ವರ್ಷವರ್ಷವೂ ಮತ್ತೆ ಕಲಿಯಬೇಕಾಗದಿರಲೆಂದು ಈ ಏರ್ಪಾಡೋ ಏನೋ ಎಂದು ನನಗನ್ನಿಸುತ್ತದೆ. ಐರ್ ಮತ್ತು ಸಂಗಡಿಗರ 1991ರ ಆ ಲೇಖನವನ್ನು ತರಬೇತಿಯ ದಿನಗಳಲ್ಲಿ ಓದಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಆದರೆ ವೇಗ ಬಂದ ಮಾತ್ರಕ್ಕೆ ನಯ ಬಾರದು. ಮಿದುಳನ್ನು ಪ್ರಚೋದಿಸಿ ಕೈಯನ್ನು ಅಲುಗಿಸಲು ಬೇಕಾಗುವ ಬಲ ಎಳೆಯ ಮಕ್ಕಳಲ್ಲಿ ಹೆಚ್ಚು. ಅದು ದೊಡ್ಡವರ ಮಟ್ಟಕ್ಕೆ ಇಳಿಯುವುದು ಹದಿಹರೆಯದಲ್ಲಿ. ಆರು ವರ್ಷದವಳು ಒಂದು ಕೈಯ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸುವಾಗ ಇನ್ನೊಂದು ಕೈಯ ಬೆರಳುಗಳೂ ಅಲುಗುತ್ತವೆ. ಬರೆಯುವಾಗ ನಾಲಿಗೆ ಹೊರಗಿರುತ್ತದೆ. ಇವೆಲ್ಲ ಸಹಜ, ಹತ್ತು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಮರೆಯಾಗುತ್ತವೆ. ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ನಾಲ್ಕು ಗೆರೆಗಳ ನಡುವೆ ಪುಟ ತುಂಬಿಸು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಕ್ಷರಾಭ್ಯಾಸದಲ್ಲಿ ಹಿರಿಯರು ಮಗುವಿನ ಬೆರಳನ್ನು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಬರೆಸುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಭುಜ ಮತ್ತು ಮೊಣಕೈ. ಆ ವಯಸ್ಸಿಗೆ ತಕ್ಕ ಪಾಠ ಅದು. ಆಮೇಲೆ ಚಪಾತಿಯ ಹಿಟ್ಟು, ಮಣಿ ಪೋಣಿಸುವುದು, ಬಟಾಣಿ ಸುಲಿಯುವುದು. ಮೂರು ಬೆರಳುಗಳಲ್ಲಿ ಪೆನ್ಸಿಲ್ ನಿಲ್ಲಲು ನಾಲ್ಕರಿಂದ ಆರು ವರ್ಷ ಬೇಕು. ಇಲ್ಲಿಯ ಬೇಸಿಗೆಯಲ್ಲಿ ಫ್ಲಾಟಿನೊಳಗೇ ಬೆಳೆಯುವ ಕೂಸುಗಳನ್ನು ಗಾಲಿಯ ವಾಕರಿನಲ್ಲಿ ಕೂರಿಸುವ ಬದಲು ಚಾಪೆಯ ಮೇಲೆ ಬೋರಲು ಬಿಡಿ. ವಾಕರಿನ ಮಾರಾಟವನ್ನು ಕೆನಡಾ 2004ರಲ್ಲಿ ನಿಷೇಧಿಸಿತು; ಅದು ಬೀಳುವ ಅಪಾಯಕ್ಕಾಗಿ. ತೋಳಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಎಡಗೈಯವರ ವಿಷಯಕ್ಕೆ ಹೆಚ್ಚು ಮಾತು ಬೇಡ. ನೂರರಲ್ಲಿ ಸುಮಾರು ಹತ್ತು ಮಂದಿ ಎಡಗೈಯವರು. ಊಟಕ್ಕೆ, ಪ್ರಸಾದಕ್ಕೆ ಬಲಗೈ ಚಾಚುವುದನ್ನು ಮಗುವಿಗೆ ಕಲಿಸಬಹುದು. ಅರಬರಲ್ಲಿಯೂ ಅದೇ ಮರ್ಯಾದೆ. ಆದರೆ ಬರೆಯುವ ಕೈಯನ್ನು ಬದಲಿಸಬೇಡಿ. ಬಾಲ್ಯದಲ್ಲಿ ಹಾಗೆ ಬಲಗೈಗೆ ತಿದ್ದಿಸಿಕೊಂಡಿದ್ದ ವಯಸ್ಕರನ್ನು ಜರ್ಮನಿಯ ಸಂಶೋಧಕರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ದಶಕಗಳ ಬಳಿಕವೂ ಬಲಗೈಯಲ್ಲಿ ಬರೆಯುವಾಗ ಅವರ ಬಲಮಿದುಳು ದುಡಿಯುತ್ತಲೇ ಇತ್ತು. ಕೈ ಬದಲಾಯಿತು, ಯಜಮಾನ ಬದಲಾಗಲಿಲ್ಲ.

ಕೊನೆಯದಾಗಿ, ನಮ್ಮಂಥ ಕುಟುಂಬಗಳಿಗೇ ವಿಶೇಷವಾದ ಒಂದು ತೊಡಕಿದೆ. ಹೆರಿಗೆ ತವರಿನಲ್ಲಿ, ಬಾಣಂತನ ಅಲ್ಲಿಯೇ; ಮೂರನೆಯ ತಿಂಗಳೋ ಐದನೆಯ ತಿಂಗಳೋ ಮಗು ವಿಮಾನ ಏರಿ ಬರುತ್ತದೆ. ಹುಟ್ಟಿದಾಗ ನೋಡಿದ ವೈದ್ಯರು ಅಲ್ಲಿ, ಕೈಚಾಚುವ ವಯಸ್ಸಿನಲ್ಲಿ ನೋಡುವವರು ಇಲ್ಲಿ. ನಡುವೆ ಕಣ್ಣಿಟ್ಟವಳು ಅಜ್ಜಿ. ಅವಳೂ ಊರಿನಲ್ಲಿಯೇ ಉಳಿದಳು. ಆದ್ದರಿಂದ ಬರುವ ಮುನ್ನ ಅವಳನ್ನು ಕೂರಿಸಿ ಕೇಳಿ: ಎರಡೂ ಮುಷ್ಟಿ ಬಿಚ್ಚುತ್ತವೆಯೇ, ಎರಡೂ ಕೈ ಬಾಯಿಗೆ ಹೋಗುತ್ತವೆಯೇ, ಅಂಗಿ ತೊಡಿಸುವಾಗ ಒಂದು ತೋಳು ಬಿಗಿಯೇ? ಮೂರು ನಾಲ್ಕು ತಿಂಗಳು ಕಳೆದರೂ ಒಂದು ಕೈಯ ಮುಷ್ಟಿ ಬಿಚ್ಚದಿದ್ದರೆ, ಅಥವಾ ಒಂದು ವರ್ಷದೊಳಗೆ ಮಗು ಒಂದೇ ಕೈಯನ್ನು ನೆಚ್ಚಿದರೆ, ರಜೆಯ ದಿನಾಂಕವನ್ನು ಕಾಯದೆ ನಿಮ್ಮ ವಲಯದ ಆರೋಗ್ಯ ಕೇಂದ್ರಕ್ಕೆ ಹೋಗಿ ಅದೇ ಮಾತನ್ನು ಹೇಳಿ. ಹೆರಿಗೆಯ ಆಸ್ಪತ್ರೆಯ ಕಾಗದ, ಎಂದರೆ ಎಷ್ಟನೆಯ ವಾರ, ಎಷ್ಟು ತೂಕ, ಹುಟ್ಟಿದೊಡನೆ ಅತ್ತಿತೇ ಎಂಬುದಿರುವ ಆ ಒಂದು ಹಾಳೆ, ತವರಿನ ಕಪಾಟಿನಲ್ಲಿ ಉಳಿದಿದ್ದರೆ ಅದರ ಚಿತ್ರವನ್ನು ಮೊಬೈಲಿಗೆ ತರಿಸಿಕೊಳ್ಳಿ. ಮಗು ಆಡುತ್ತಿರುವಾಗ ಎರಡು ನಿಮಿಷದ ವೀಡಿಯೋ ತೆಗೆದುಕೊಳ್ಳಿ. ಅಪರಿಚಿತ ಕೋಣೆಯಲ್ಲಿ ಅಳುವ ಮಗುವಿಗಿಂತ ಆ ವೀಡಿಯೋ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಪ್ರಶ್ನೆಗಳಿಗೆ ಸಮಯವಿದೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಕೇಳಿ.